ಜೈಲಿಗೆ ಮೊದಲ ಸಲ ವಿಸಿಟ್‌ಗೆ ಹೋಗ್ತಾ ಇದೀನಿ. ಏನು ತಗೊಂಡು ಹೋಗಬೇಕು, ಏನು ಬೇಡ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ಊರು, ಜೈಲು, ಕೇಸು ಯಾವುದೂ ಬರೆಯಲ್ಲ, ದಯವಿಟ್ಟು ಕೇಳಬೇಡಿ. ನನ್ನ ತಮ್ಮನ್ನ ಹೋದ ವಾರ ಅರೆಸ್ಟ್ ಮಾಡಿದ್ರು. ಪೊಲೀಸ್ ಕಸ್ಟಡಿ ಮುಗೀತು, ನಿನ್ನೆ ನ್ಯಾಯಾಂಗ ಬಂಧನ ಅಂತ ಜೈಲಿಗೆ ಕಳಿಸಿದ್ದಾರೆ. ನಮ್ಮ ಮನೇಲಿ ಯಾರೂ ಸ್ಟೇಷನ್ ಮೆಟ್ಟಿಲೂ ಹತ್ತಿದವರಲ್ಲ. ವಕೀಲರಿಗೆ ಫೋನ್ ಮಾಡಿದ್ರೆ "ಆಧಾರ್ ಇಟ್ಕೊಂಡು ಹೋಗಿ ಬನ್ನಿ" ಅಂತ ಇಟ್ಟೇ ಬಿಡ್ತಾರೆ.

ಗುರುವಾರ ಹೋಗೋಣ ಅಂತಿದೀವಿ. ಅಮ್ಮನೂ ಬರ್ತೀನಿ ಅಂತಾಳೆ. ನಿನ್ನೆ ರಾತ್ರಿ ಕೂತು ಒಂದು ಡಬ್ಬ ಕೋಡುಬಳೆ ಕರಿದಿಟ್ಟಿದ್ದಾಳೆ. ಒಳಗೆ ಬಿಡ್ತಾರಾ? ಅವನಿಗೆ ದಿನಾ ಥೈರಾಯ್ಡ್ ಮಾತ್ರೆ ಬೇಕು, ಅದನ್ನ ಹೇಗೆ ತಲುಪಿಸೋದು? ಅವನ ಹತ್ರ ಎಷ್ಟು ಹೊತ್ತು ಮಾತಾಡಬಹುದು? ಗೊತ್ತಿರೋರು ಹೇಳಿ.

ಹಳೇಬೀಡ್_ಹೈದ
ಕೋಡುಬಳೆ ಬಿಡಲ್ಲ ಅಕ್ಕ. ಗೇಟಲ್ಲೇ ಉಳಿಯುತ್ತೆ.

ಹದಿಮೂರು_ತಿಂಗಳು
ನಾನು ಒಳಗಿದ್ದು ಬಂದವನು, ಹೆಸರಲ್ಲೇ ಇದೆ ಎಷ್ಟು ದಿನ ಅಂತ. ಕೊನೆಗೆ ಖುಲಾಸೆ ಆಯ್ತು, ಆ ಕತೆ ಬೇಡ.

ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರ್ಕೊಳ್ಳಿ: ತಮ್ಮನ ಪೂರ್ತಿ ಹೆಸರು, ಅಪ್ಪನ ಹೆಸರು, ವಯಸ್ಸು, ಯಾವ ಸ್ಟೇಷನ್ನು, ಕ್ರೈಂ ನಂಬರು. ವಕೀಲರು ಬೇರೇನೂ ಕೊಡದಿದ್ರೂ ಎಫ್‌ಐಆರ್ ಕಾಪಿ ಕೊಡ್ಲಿ, ಎಲ್ಲ ಅದರಲ್ಲೇ ಇರುತ್ತೆ. ಒಳಗೆ ಹೋದ ಮೇಲೆ ಅವನಿಗೊಂದು ಯುಟಿಪಿ ನಂಬರು ಕೊಟ್ಟಿರ್ತಾರೆ, ವಿಚಾರಣಾಧೀನ ಕೈದಿ ಸಂಖ್ಯೆ. ಮೊದಲ ಭೇಟಿಯಲ್ಲಿ ಅದನ್ನ ಕೇಳಿ ಬರ್ಕೊಂಡು ಬನ್ನಿ. ಒಂದೇ ಹೆಸರಿನವರು ನಾಲ್ಕು ಜನ ಇರ್ತಾರೆ. ನಮ್ಮಮ್ಮ ಮೊದಲ ಸಲ ಬಂದಾಗ ಬೇರೆ ಮಂಜುನಾಥನ್ನ ಕರೆಸಿಬಿಟ್ಟಿದ್ರು. ಪಾಪ, ಅವನಿಗೆ ಯಾರೂ ಬರ್ತಿರ್ಲಿಲ್ಲ. ಯಾರೋ ಬಂದ್ರು ಅಂತ ಓಡಿ ಬಂದಿದ್ದ.

ಸೀದಾಮಾತು
ಅಮ್ಮನ್ನ ಕರ್ಕೊಂಡು ಹೋಗಬೇಡಿ. ನಾನು ನೋಡಿದೀನಿ, ಕ್ಯೂನಲ್ಲೇ ತಲೆ ಸುತ್ತಿ ಬೀಳ್ತಾರೆ. ಮೊದಲ ಸಲ ನೀವೊಬ್ರೇ ಹೋಗಿ, ಅಲ್ಲಿ ಹೇಗಿದೆ ಅಂತ ನೋಡಿ, ಎರಡನೇ ಸಲ ಕರ್ಕೊಂಡು ಹೋಗಿ.

ಹದಿಮೂರು_ತಿಂಗಳು
@ಸೀದಾಮಾತು ಒಪ್ಪಲ್ಲ. ಒಳಗಿರೋನಿಗೆ ಮೊದಲ ವಾರ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ. ಅಮ್ಮ ನನ್ನ ಮುಖ ನೋಡಲ್ಲ ಅಂತಲೇ ಯೋಚನೆ ಓಡ್ತಿರುತ್ತೆ. ಅವಳು ಬಂದು ಎರಡು ಬೈದು ಹೋದ್ರೂ ಸಾಕು.

ನಿವೃತ್ತ_ವಾರ್ಡರ್
ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದೆ. ಕೆಲವು ವಿಷಯ ನೇರವಾಗಿ ಹೇಳ್ತೀನಿ.

ತಾಯಿ ಬರಲಿ. ಆದರೆ ಬೆಳಗ್ಗೆ ತಿಂಡಿ ತಿನ್ನಿಸಿ ಕರ್ಕೊಂಡು ಬನ್ನಿ, ಬಿಪಿ ಶುಗರ್ ಮಾತ್ರೆ ಹಾಕಿಸಿ. ಮಗನ ಮುಖ ನೋಡೋವರೆಗೂ ನೀರೂ ಮುಟ್ಟಲ್ಲ ಅಂತ ಉಪವಾಸ ಬರೋ ತಾಯಂದಿರೇ ಜಾಸ್ತಿ. ಬೀಳೋದು ಅವರೇ.

ಬೇಗ ಬನ್ನಿ. ಹೆಸರು ಬರೆಸೋದು ಬೆಳಗಿನ ಹೊತ್ತು. ಆಧಾರ್ ಒರಿಜಿನಲ್ಲೂ ಇರಲಿ, ಎರಡು ಜೆರಾಕ್ಸೂ ಇರಲಿ. ಬರೋ ಪ್ರತಿಯೊಬ್ಬರದೂ ಬೇಕು. ಬರೋ ಮುಂಚೆ ಆ ಜೈಲಿಗೆ ಒಂದು ಫೋನ್ ಮಾಡಿ ಭೇಟಿ ದಿನ ಕೇಳಿ. ಸರ್ಕಾರಿ ರಜೆ ದಿನ ಬಂದು ಗೇಟಿನ ಮುಂದೆ ಜಗಳ ಆಡೋರನ್ನ ಎಷ್ಟು ನೋಡಿದೀನೋ.

ಮನೆ ಊಟ, ಕರಿದ ತಿಂಡಿ ಬಿಡಲ್ಲ. ವಿಚಾರಣಾಧೀನರು ಮನೆ ಊಟ ತರಿಸ್ಕೋಬೇಕು ಅಂದ್ರೆ ಕೋರ್ಟಿನ ಆದೇಶ ತನ್ನಿ ಅಂತಾರೆ. ಯಾಕೆ ಅಂತ ಕೇಳಿದ್ರೆ, ಚಪಾತಿ ಮಧ್ಯೆ ಗಾಂಜಾ ಇಟ್ಟು ತಂದಿದ್ದನ್ನ ನಾನೇ ಹಿಡಿದಿದೀನಿ. ಬಾಳೆಹಣ್ಣಿನ ಸಿಪ್ಪೆ ಹೊಲಿದು ತಂದಿದ್ರು ಒಬ್ರು. ಹೊಲಿದಿದ್ರು ಅಂದ್ರೆ ನಿಜವಾಗಲೂ ಸೂಜಿ ದಾರದಲ್ಲಿ.

ಹಳೇಬೀಡ್_ಹೈದ
ಬಾಳೆಹಣ್ಣು ಹೊಲಿಯೋವಷ್ಟು ತಾಳ್ಮೆ ಇರೋರು ಟೈಲರ್ ಅಂಗಡಿ ಇಟ್ಟಿದ್ರೆ ಜೈಲಿನ ಕಡೆ ಬರೋ ಕೆಲಸವೇ ಇರ್ತಿರ್ಲಿಲ್ಲ 😂

ಹೊಂಗೆನೆರಳು
@ನಿವೃತ್ತ_ವಾರ್ಡರ್ ಥ್ಯಾಂಕ್ಸ್ ಸರ್. ಮಾತ್ರೆ?

ನಿವೃತ್ತ_ವಾರ್ಡರ್
ಮಾತ್ರೆ ಕೈಗೆ ಕೊಡೋಕಾಗಲ್ಲ ತಾಯಿ. ಡಾಕ್ಟರ್ ಬರೆದ ಚೀಟಿ, ಬ್ಲಡ್ ರಿಪೋರ್ಟ್ ಎರಡರ ಜೆರಾಕ್ಸ್ ತನ್ನಿ. ಜೈಲಿನ ಒಳಗೆ ಆಸ್ಪತ್ರೆ ಇರುತ್ತೆ, ಅಲ್ಲಿನ ಡಾಕ್ಟರ್ ನೋಡಿ ಕೊಡ್ತಾರೆ. ಸೂಪರಿಂಟೆಂಡೆಂಟ್ ಅವರ ಹೆಸರಿಗೆ ಒಂದು ಅರ್ಜಿ ಬರೀರಿ, "ನನ್ನ ತಮ್ಮನಿಗೆ ಇಂಥ ಕಾಯಿಲೆ, ಇಂಥ ಮಾತ್ರೆ, ಇಷ್ಟು ಮಿಲಿಗ್ರಾಂ" ಅಂತ. ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಗೇಟ್ ದಾಟೋದಿಲ್ಲ.

ಎಲೆಕ್ಟ್ರಾನಿಕ್‌ಸಿಟಿ_ಗೌಡ
ಯಾವ ಜೈಲು ಅಂತ ಹೇಳಿಲ್ಲ ನೀವು, ಒಂದು ವೇಳೆ ಪರಪ್ಪನ ಅಗ್ರಹಾರ ಆದ್ರೆ: ಹಳದಿ ಮೆಟ್ರೋದಲ್ಲಿ ಹೊಸ ರೋಡ್ ಸ್ಟೇಷನ್‌ಗೆ ಇಳಿದು ಆಟೊ ಹಿಡೀರಿ. 2025ರ ಆಗಸ್ಟ್‌ನಲ್ಲಿ ಈ ಲೈನ್ ಶುರು ಆದ್ಮೇಲೆ ಸಿಲ್ಕ್ ಬೋರ್ಡ್ ನರಕ ತಪ್ಪಿದೆ.

ಇನ್ನೊಂದು ಮುಖ್ಯ ವಿಷಯ. ಮೊಬೈಲಲ್ಲಿ ಡಿಜಿಲಾಕರ್ ಆಧಾರ್ ತೋರಿಸ್ತೀನಿ, ಫೋನ್‌ಪೇ ಮಾಡ್ತೀನಿ ಅಂತ ಬರಿಗೈಲಿ ಹೋಗಬೇಡಿ. ಜಾಮರ್ ಇದೆ. ನಮ್ಮ ಮನೆ ಆ ಕಡೆಯೇ. ಜೈಲಿಗೆ ಜಾಮರ್ ಹಾಕಿದ್ರೆ ನಮಗೂ ಶಿಕ್ಷೆ, ಓಟಿಪಿ ಬರಬೇಕು ಅಂದ್ರೆ ಟೆರೇಸ್ ಹತ್ತಬೇಕು. ಕೈಯಲ್ಲಿ ಚಿಲ್ಲರೆ ದುಡ್ಡು ಇರಲಿ.

ಸೀದಾಮಾತು
ನೆಟ್‌ವರ್ಕ್ ನಿಮಗೆ ಬರಲ್ಲ, ಒಳಗಿರೋರಿಗೆ ಮಾತ್ರ ಫುಲ್ ಬರುತ್ತೆ. ಪೇಪರ್ ಓದಲ್ವಾ?

ಎಲೆಕ್ಟ್ರಾನಿಕ್‌ಸಿಟಿ_ಗೌಡ
ಅದನ್ನ ಹೇಳಿ ನಮ್ಮ ಹೊಟ್ಟೆ ಉರಿಸಬೇಡಿ.

ಕುಡ್ಲದ_ಬಾಬಣ್ಣ
ಮಾರಾಯ್ರೆ, ಆನ್‌ಲೈನ್‌ನಲ್ಲಿ ಇ-ಮುಲಾಕಾತ್ ಅಂತ ಉಂಟಲ್ಲ, ಅದನ್ನು ಯಾರೂ ಹೇಳಲೇ ಇಲ್ಲ! ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ವೆಬ್‌ಸೈಟಿಗೆ ಹೋಗಿ. ನಿಮ್ಮ ಹೆಸರು, ಮೊಬೈಲು, ಗುರುತಿನ ಚೀಟಿ ಹಾಕ್ಬೇಕು. ಮತ್ತೆ ರಾಜ್ಯ, ಜೈಲು, ಕೈದಿಯ ಹೆಸರು, ತಂದೆ ಹೆಸರು. ಖುದ್ದು ಭೇಟಿಯಾ, ವಿಡಿಯೋ ಕರೆಯಾ ಅಂತ ಕೇಳ್ತದೆ. ಜೈಲಿನವರು ಒಪ್ಪಿದ ಮೇಲೆ ನಿಮಗೆ ಮೆಸೇಜ್ ಬರ್ತದೆ.

ನನ್ನ ಭಾವ ಇರುವುದು ದುಬೈಯಲ್ಲಿ. ಕೊರೊನಾ ಕಾಲದಲ್ಲಿ ಖುದ್ದು ಭೇಟಿ ಎಲ್ಲ ಬಂದ್ ಆಗಿತ್ತಲ್ಲ, ಆಗ ಜೈಲಿನಲ್ಲಿದ್ದ ಅಣ್ಣನ ಹತ್ರ ಅವರು ವಿಡಿಯೋದಲ್ಲಿಯೇ ಮಾತಾಡಿದ್ದು. ಒಂದೇ ತೊಂದರೆ, ಹೆಸರಿನ ಸ್ಪೆಲ್ಲಿಂಗ್. ಜೈಲಿನ ರಿಜಿಸ್ಟರಲ್ಲಿ ಹೇಗೆ ಉಂಟೋ ಹಾಗೆಯೇ ಹಾಕ್ಬೇಕು. ನಾವು ಒಂದು ಎಚ್ ಜಾಸ್ತಿ ಹಾಕಿ ಮೂರು ಸಲ ರಿಜೆಕ್ಟ್ ಆಯ್ತು.

ಮಲ್ಲಿಗೆದಂಡೆ
ಒಂದೂವರೆ ವರ್ಷದಿಂದ ಯಜಮಾನರನ್ನ ನೋಡೋಕೆ ಹೋಗ್ತಿದೀನಿ. ನನಗೆ ಗೊತ್ತಿರೋದು ಹೇಳ್ತೀನಿ.

ಬ್ಯಾಗ್ ತಗೊಂಡು ಹೋಗಬೇಡಿ, ಪ್ಲಾಸ್ಟಿಕ್ ಕವರ್ ಸಾಕು. ಫೋನ್, ಸ್ಮಾರ್ಟ್ ವಾಚ್, ಇಯರ್ ಫೋನ್ ಹೊರಗೇ ಇಡಬೇಕು. ನಾನು ಹೋಗೋ ಕಡೆ ಗೇಟಿನ ಎದುರು ಪೆಟ್ಟಿಗೆ ಅಂಗಡಿಯವರು ಹತ್ತು ರೂಪಾಯಿ ತಗೊಂಡು ಇಟ್ಕೋತಾರೆ. ಟೋಕನ್ ಕೊಡ್ತಾರೆ, ಕಳ್ಕೋಬೇಡಿ. ಮಹಿಳಾ ಸಿಬ್ಬಂದಿ ಪರದೆ ಹಿಂದೆ ತಪಾಸಣೆ ಮಾಡ್ತಾರೆ. ತುರುಬು ಬಿಚ್ಚಿಸ್ತಾರೆ, ಅದಕ್ಕೇ ಒಂದು ಜಡೆ ಹಾಕ್ಕೊಂಡು ಹೋಗಿ. ನಾನು ಮೊದಲ ಸಲ ಹೂವು ಮುಡ್ಕೊಂಡು ಹೋಗಿದ್ದೆ, ಯಜಮಾನ್ರನ್ನ ನೋಡೋಕೆ ಅಲ್ವಾ ಅಂತ. ತೆಗೆದು ಇಡಿ ಅಂದ್ರು. ಇಡೋಕೆ ಜಾಗ ಇಲ್ದೆ ಗೇಟ್ ಪಕ್ಕದ ಗಣಪತಿ ಫೋಟೋಗೆ ಏರಿಸಿ ಒಳಗೆ ಹೋದೆ.

ಬಟ್ಟೆ ಕೊಡಬಹುದು. ಶಿಕ್ಷೆ ಆದವರಿಗೆ ಮಾತ್ರ ಬಿಳಿ ಬಟ್ಟೆ, ವಿಚಾರಣೆಯಲ್ಲಿ ಇರೋರು ಸ್ವಂತ ಬಟ್ಟೆ ಹಾಕ್ಕೋಬಹುದು. ಎರಡು ಜೊತೆ ಸಾಕು. ಬೆಲ್ಟ್ ಬೇಡ, ಲಾಡಿ ಇರೋ ಪೈಜಾಮ ಬೇಡ, ಖಾಕಿ ಬಣ್ಣ ಬೇಡವೇ ಬೇಡ. ಟವೆಲ್ ತೆಳ್ಳಗಿರಲಿ, ಒಣಗಬೇಕಲ್ಲ.

ದುಡ್ಡು ಕೈಗೆ ಕೊಡೋ ಹಾಗಿಲ್ಲ. ಪಿಪಿಸಿ ಅಂತ ಅವರ ಹೆಸರಲ್ಲಿ ಒಂದು ಖಾತೆ ಇರುತ್ತೆ, ಅದಕ್ಕೆ ಕಟ್ಟಿದ್ರೆ ಒಳಗಿನ ಕ್ಯಾಂಟೀನಲ್ಲಿ ಸೋಪು ಬಿಸ್ಕೆಟ್ ತಗೋಬಹುದು. ರಸೀದಿ ತಗೊಳ್ಳಿ.

ಸೀದಾಮಾತು
ಎಲ್ಲ ಸರಿ. ಆದ್ರೆ ಒಂದು ಪ್ರಶ್ನೆ. ತಪ್ಪು ಮಾಡಿ ಒಳಗೆ ಹೋದೋರಿಗೆ ಕ್ಯಾಂಟೀನು, ವಿಡಿಯೋ ಕಾಲು, ಇಷ್ಟೆಲ್ಲ ಉಪಚಾರ ಯಾಕೆ? ಮೋಸ ಹೋದೋರ ಮನೇಲಿ ಹೇಗಿರುತ್ತೆ ಅಂತ ಯಾರಾದ್ರೂ ಕೇಳ್ತೀರಾ?

ವಕೀಲ_ಹುಬ್ಬಳ್ಳಿ
@ಸೀದಾಮಾತು ತಪ್ಪು ಮಾಡ್ಯಾನೋ ಇಲ್ಲೋ ಅಂತ ಇನ್ನೂ ಕೋರ್ಟ್ ಹೇಳಿಲ್ಲರೀ. ವಿಚಾರಣಾಧೀನ ಅಂದ್ರ ಅದ. ನಮ್ಮ ದೇಶದ ಜೈಲಿನ್ಯಾಗ ನಾಲ್ಕು ಮಂದಿಯೊಳಗ ಮೂರು ಮಂದಿ ಹೆಚ್ಚುಕಡಿಮೆ ಇಂಥವರೇ.

ಮತ್ತ ಇದು ಉಪಚಾರ ಅಲ್ಲ, ಹಕ್ಕು. ಸುಪ್ರೀಂ ಕೋರ್ಟಿನ 1981ರ ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣ ಓದ್ರಿ. ಆಕಿ ಬ್ರಿಟಿಷ್ ಪ್ರಜೆ, ಕಳ್ಳಸಾಗಣೆ ತಡೆಯಾಕ ಮುಂಚೇನ ಹಿಡಿದಿಡೋ ಕಾಫಿಪೋಸಾ ಕಾಯ್ದೆ ಒಳಗ ತಿಹಾರ್ ಜೈಲಿಗೆ ಹಾಕಿದ್ದರು. ಆಕಿ ಐದು ವರ್ಷದ ಮಗಳು ಆಕಿ ಸಹೋದರಿ ಹತ್ತಿರ ಇತ್ತು. ತಿಂಗಳಿಗೆ ಒಂದ್ ಸಲ ಮಾತ್ರ ಮಗಳ ಭೇಟಿ. ನ್ಯಾಯಮೂರ್ತಿ ಭಗವತಿ ಅವರಿದ್ದ ಪೀಠ ಇದು ನಡೆಯಂಗಿಲ್ಲ ಅಂತು. ಮನೆಯವರನ್ನ, ಗೆಳೆಯರನ್ನ ಕಾಣೂದು 21ನೇ ವಿಧಿಯ ಬದುಕುವ ಹಕ್ಕಿನ್ಯಾಗ ಬರ್ತೈತಿ ಅಂತ ಹೇಳಿತು. ವಿಚಾರಣಾಧೀನರಿಗೆ ಅಲ್ಲಿ ವಾರಕ್ಕ ಎರಡು ಭೇಟಿ ಇದ್ದಾಗ ಈಕಿಗೆ ಯಾಕ ಇಲ್ಲ ಅಂತನೂ ಕೇಳಿತು.

ಅಕ್ಕಾರ, ನಿಮಗ ಒಂದ್ ಮಾತು. ವಕಾಲತ್ತಿಗೆ, ಅಂದ್ರ ವಕೀಲರಿಗೆ ಅಧಿಕಾರ ಕೊಡೋ ಪತ್ರಕ್ಕ, ಸಹಿ ಆಗೇದೋ ಇಲ್ಲೋ ಮೊದಲು ಕೇಳ್ರಿ. ಒಳಗಿದ್ದವರು ವಕಾಲತ್‌ನಾಮೆಗೆ ಸಹಿ ಹಾಕಿದ ಮ್ಯಾಲೆ ಜೈಲಿನ ಅಧಿಕಾರಿ ದೃಢೀಕರಿಸಬೇಕು. ನಿಮ್ಮ ವಕೀಲರು ಅದನ್ನ ಮಾಡಿಸಿಲ್ಲಂದ್ರ ಜಾಮೀನು ಅರ್ಜಿ ಇನ್ನೂ ಹೊರಟೇ ಇಲ್ಲ ಅಂತ ತಿಳೀರಿ. ಫೋನ್ ಎತ್ತದ ವಕೀಲರ ಬಗ್ಗೆ ನಾ ಏನೂ ಹೇಳಂಗಿಲ್ಲ, ನಮ್ಮವರೇ. ವಕೀಲರಿಗೆ ರೊಕ್ಕ ಕೊಡೋ ತ್ರಾಣ ಇಲ್ಲಂದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಬಂಧನದಾಗ ಇದ್ದವರಿಗೆ ಪುಕ್ಕಟೆ ವಕೀಲರು. 15100ಕ್ಕ ಫೋನ್ ಹಚ್ಚ್ರಿ.

ಸೀದಾಮಾತು
ಕಾನೂನು ಒಪ್ತೀನಿ. ನನ್ನ ಹೊಟ್ಟೆ ಉರಿ ಬೇರೆ. ನಮ್ಮ ಚಿಕ್ಕಪ್ಪ ಚೀಟಿ ದುಡ್ಡು ಹಾಕಿ ಕಳ್ಕೊಂಡ್ರು, ಚೀಟಿ ನಡೆಸಿದೋನು ಆರು ತಿಂಗಳಿಗೆ ಹೊರಗೆ ಬಂದು ಕಾರಲ್ಲಿ ಓಡಾಡ್ತಿದ್ದಾನೆ. @ಹೊಂಗೆನೆರಳು ನಿಮ್ಮ ಮೇಲೆ ಸಿಟ್ಟಿಲ್ಲ ನನಗೆ.

ಹೊಂಗೆನೆರಳು
ಪರವಾಗಿಲ್ಲ. ನಮ್ಮ ಬೀದಿಯವರು ಬಾಯಿ ಬಿಟ್ಟು ಹೇಳದೇ ಇರೋದನ್ನ ನೀವು ಹೇಳಿದ್ರಿ ಅಷ್ಟೆ.

ಹಳೇಬೀಡ್_ಹೈದ
ಈಗ ಹೊಸ ಕಾನೂನು ಬಂದಿದೆಯಲ್ಲ, ಮೂರನೇ ಒಂದು ಭಾಗ ಶಿಕ್ಷೆ ಕಳೆದ್ರೆ ತಾನಾಗೇ ಬಿಡ್ತಾರಂತೆ?

ವಕೀಲ_ಹುಬ್ಬಳ್ಳಿ
ತಾನಾಗೇ ಏನೂ ಆಗಂಗಿಲ್ಲ ತಮ್ಮಾ. 2024ರ ಜುಲೈ 1ರಿಂದ ಜಾರಿ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಅದು. ಹಿಂದ ಯಾವ ಅಪರಾಧಕ್ಕೂ ಶಿಕ್ಷೆ ಆಗದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಒಳಗ ಕಳೆದಿದ್ರ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆ ಇರೋ ಅಪರಾಧಕ್ಕ ಇಲ್ಲ. ಬ್ಯಾರೆ ಬ್ಯಾರೆ ಕೇಸ್ ಬಾಕಿ ಇದ್ರೂ ಇಲ್ಲ. ಜೈಲಿನ ಸೂಪರಿಂಟೆಂಡೆಂಟ್ ಕೋರ್ಟಿಗೆ ಲಿಖಿತ ಅರ್ಜಿ ಕೊಡಬೇಕು ಅಂತ ಅದರಾಗೇ ಐತಿ, ಆದ್ರ ನೆನಪು ಮಾಡೋರು ಬೇಕು.

ಅಕ್ಕಾರಿಗೆ ಈಗ ಬೇಕಾದ್ದು ಇದಲ್ಲ. 60 ದಿನ, ಇಲ್ಲಾ 90 ದಿನ, ಅಷ್ಟರೊಳಗ ಚಾರ್ಜ್‌ಶೀಟ್ ಬರಲಿಲ್ಲಂದ್ರ ಜಾಮೀನು ಕೇಳೋ ಹಕ್ಕು ಹುಟ್ಟತೈತಿ. ಚಾರ್ಜ್‌ಶೀಟ್ ಹಾಕೋ ಮುಂಚೇನ ಅರ್ಜಿ ಹಾಕಬೇಕು. ಕೋರ್ಟ್ ಮೊದಲ ಸಲ ರಿಮ್ಯಾಂಡ್ ಮಾಡಿದ, ಅಂದ್ರ ಕಸ್ಟಡಿಗೆ ಕೊಟ್ಟ ತಾರೀಖು ಕ್ಯಾಲೆಂಡರಿನ್ಯಾಗ ಗುರುತು ಹಾಕಿ ಇಡ್ರಿ.

ಗಾಂಧಿಬಜಾರ್_ಮೂರ್ತಿ
ನಮ್ಮ ಕಾಲದಲ್ಲಿ ಜೈಲು ಅಂದ್ರೆ ಶೇಷಾದ್ರಿ ರಸ್ತೆಯದು. ಈಗಿನ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಅಲ್ಲೇ ಇಟ್ಟಿದ್ದು. ನಟಿ ಸ್ನೇಹಲತಾ ರೆಡ್ಡಿಯವರನ್ನೂ. ನಮ್ಮ ತಂದೆ ಒಬ್ಬ ಸ್ನೇಹಿತರನ್ನ ನೋಡೋಕೆ ಹೋಗುವಾಗ ನನ್ನನ್ನೂ ಕರ್ಕೊಂಡು ಹೋಗಿದ್ರು, ಏಳು ವರ್ಷ ನನಗೆ. ಗೇಟಿನ ಬಾಗಿಲಲ್ಲಿ ಇನ್ನೊಂದು ಸಣ್ಣ ಬಾಗಿಲು ಇತ್ತು, ದೊಡ್ಡೋರು ಬಗ್ಗಿ ಹೋಗಬೇಕು, ನಾನೊಬ್ಬನೇ ನೆಟ್ಟಗೆ ನಡ್ಕೊಂಡು ಹೋದೆ. ಈಗ ಅದೇ ಜಾಗದಲ್ಲಿ ವಾಕಿಂಗ್ ಮಾಡ್ತಾರೆ ಜನ.

ಕುಡ್ಲದ_ಬಾಬಣ್ಣ
ಮೂರ್ತಿಯವರೇ, ಅಲ್ಲಿ ಈಗ ಧರಣಿ ಕೂರ್ಲಿಕ್ಕೂ ಜಾಗ ಕೊಟ್ಟಿದ್ದಾರಲ್ಲ. ಜೈಲು ಹೋಗಿ ಪ್ರತಿಭಟನೆಯ ಜಾಗ ಆದದ್ದು ಚೆಂದವೇ.

ಗಾಂಧಿಬಜಾರ್_ಮೂರ್ತಿ
ಚೆಂದ ಏನು ಬಂತು, ಬೇರೆಲ್ಲೂ ಕೂರಬೇಡಿ ಅಂತಾರೆ. ಇನ್ನು ಮೈಸೂರಲ್ಲಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸ್ತಿದ್ರಲ್ಲ, ಒಂದು ನೋಡಿದೀನಿ. ಕೊನೆಯಲ್ಲಿ ನಟರನ್ನ ಹಾಗೇ ವ್ಯಾನ್ ಹತ್ತಿಸಿದ್ರು, ಮುಖದ ಬಣ್ಣ ಕೂಡ ತೊಳೆದಿರ್ಲಿಲ್ಲ.

ನಿರ್ವಾಹಕ
ಮೂರ್ತಿ ಸರ್, ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾವೆಲ್ಲ ಬರ್ತೀವಿ. ಇಲ್ಲಿ ಭೇಟಿ ವಿಷಯ ಮಾತ್ರ.

ರಾಗಿಕಣಜ
ಒಂದು ಎಚ್ಚರಿಕೆ. ಯಾವ ಊರಿನ ಜೈಲು ಅಂತ ಬೇಡ. ಗೇಟಿನ ಹತ್ರ ಒಬ್ಬ ಬಂದು "ಅಣ್ಣಾ, ಎರಡು ಸಾವಿರ ಕೊಡಿ, ಒಳಗೆ ಹಾಸಿಗೆ ಹೊದಿಕೆ ಎಲ್ಲ ವ್ಯವಸ್ಥೆ ಮಾಡಿಸ್ತೀನಿ" ಅಂದ. ನಾನು ಪೆದ್ದ ಕೊಟ್ಟೆ. ಅವನಿಗೂ ಜೈಲಿಗೂ ಸಂಬಂಧವೇ ಇರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತು ಅಳೋರ ಮುಖ ಹುಡುಕೋದೇ ಅವನ ಕೆಲಸ. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳೋಕೂ ನಾಚಿಕೆ ಆಯ್ತು.

ನಿವೃತ್ತ_ವಾರ್ಡರ್
ಹೊರಗಿನೋರು ಮಾತ್ರ ಅಂತ ನಾನೂ ಹೇಳಲ್ಲ. ಯಾರು ಕೇಳಿದ್ರೂ ಕೊಡಬೇಡಿ. ಒಂದು ಸಲ ಕೊಟ್ರೆ ಪ್ರತಿ ವಾರ ಕೊಡಬೇಕು, ಇಲ್ಲದಿದ್ರೆ ಒಳಗಿರೋನ ಮೇಲೆ ಬರುತ್ತೆ ಅಂತ ಹೆದರಿಸ್ತಾರೆ. ಹಾಗೆ ಹೆದರಿಸಿದ್ರೆ ನಿಮ್ಮ ವಕೀಲರ ಮೂಲಕ ನ್ಯಾಯಾಧೀಶರ ಮುಂದೆ ಹೇಳಿ. ಜೈಲಿನಲ್ಲಿ ಯಾರಿಗಾದರೂ ಭಯ ಇದ್ರೆ ಅದು ಕೋರ್ಟಿಂದು ಮಾತ್ರ.

ಹದಿಮೂರು_ತಿಂಗಳು
ಮಾತಿನ ವಿಷಯ ಬಾಕಿ ಉಳೀತು. ನನಗೆ ಹದಿನೈದು ನಿಮಿಷ ಸಿಗ್ತಿತ್ತು, ಕೆಲವು ದಿನ ಹತ್ತೇ. ನಡುವೆ ಜಾಲರಿ, ಎರಡೂ ಕಡೆ ಮೂವತ್ತು ಜನ ಕೂಗಾಡ್ತಿರ್ತಾರೆ. ಮೀನು ಮಾರ್ಕೆಟ್ ಅಂದ್ಕೊಳ್ಳಿ. ಏನು ಹೇಳಬೇಕು ಅಂತ ಮೊದಲೇ ಯೋಚಿಸದಿದ್ರೆ "ಊಟ ಆಯ್ತಾ, ಚೆನ್ನಾಗಿದ್ದೀಯಾ" ಅನ್ನೋದ್ರಲ್ಲೇ ಟೈಂ ಮುಗಿಯುತ್ತೆ.

ಕೇಸಿನ ವಿಷಯ ಅಲ್ಲಿ ಬೇಡ. ಪಕ್ಕದಲ್ಲಿ ಯಾರ್ಯಾರೋ ಇರ್ತಾರೆ, ಸಿಬ್ಬಂದಿ ಕೇಳಿಸ್ಕೋತಾರೆ. ವಕೀಲರ ಭೇಟಿ ಬೇರೆ, ಅಲ್ಲಿ ಕಣ್ಣಿಗೆ ಕಾಣಬೇಕು, ಕಿವಿಗೆ ಕೇಳಬಾರದು ಅನ್ನೋ ನಿಯಮ ಇದೆ. ಮನೆಯವರಿಗೆ ಅದಿಲ್ಲ. ನೀವು ಮನೆ ಸುದ್ದಿ ಹೇಳಿ. ಬೋರ್‌ವೆಲ್ ಕೆಟ್ಟಿದ್ದು, ಪಕ್ಕದ ಮನೆ ಮದುವೆ, ಏನಾದ್ರೂ. ನನ್ನ ತಂಗಿ ಒಂದು ಸಲ ಹತ್ತು ನಿಮಿಷ ಪೂರ್ತಿ ನಮ್ಮ ನಾಯಿ ಪಕ್ಕದ ಮನೆಯವರ ಇಡ್ಲಿ ಹಿಟ್ಟು ಕುಡಿದ ಕತೆ ಹೇಳಿದ್ಳು. ಆ ರಾತ್ರಿ ಬ್ಯಾರಕ್‌ನಲ್ಲಿ ಎಲ್ಲರಿಗೂ ಅದೇ ಕತೆ ಹೇಳಿದೆ.

ಮಲ್ಲಿಗೆದಂಡೆ
ಇದು ನಿಜ. ಮಗನನ್ನ ಕರ್ಕೊಂಡು ಹೋದಾಗ ಅವನು ಹೋಂವರ್ಕ್ ಪುಸ್ತಕ ತೋರಿಸೋಕೆ ಹಠ ಮಾಡ್ದ. ಪುಸ್ತಕ ಒಳಗೆ ಬಿಡಲಿಲ್ಲ. ಬಾಯಲ್ಲೇ ಹದಿನಾರರ ಮಗ್ಗಿ ಒಪ್ಪಿಸಿ ಬಂದ. ಇವರು ಆ ಕಡೆಯಿಂದ ಹದಿನಾರೇಳ್ಲಿ ನೂರ ಹನ್ನೆರಡು ಅಂತ ತಿದ್ದಿದ್ರು.

ಸೀದಾಮಾತು
ಮಕ್ಕಳನ್ನ ಅಂಥ ಜಾಗಕ್ಕೆ ಕರ್ಕೊಂಡು ಹೋಗೋದು ಸರೀನಾ?

ಮಲ್ಲಿಗೆದಂಡೆ
ಅಪ್ಪ ದುಬೈಗೆ ಹೋಗಿದ್ದಾರೆ ಅಂತ ನಾಲ್ಕು ತಿಂಗಳು ಸುಳ್ಳು ಹೇಳಿದೆ. ಶಾಲೆಯಲ್ಲಿ ಯಾರೋ ನಿಜ ಹೇಳಿದ್ರು. ಮನೆಗೆ ಬಂದು ನನ್ನ ಹತ್ರ ಮಾತು ಬಿಟ್ಟ. ನೀವೇ ಹೇಳಿ ಯಾವುದು ಸರಿ. ತಾಯಿ ಒಳಗಿದ್ರೆ ಆರು ವರ್ಷದವರೆಗೆ ಮಗು ಜೊತೆಗೇ ಇರಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅಂಥದ್ರಲ್ಲಿ ತಿಂಗಳಿಗೊಂದು ಸಲ ಅಪ್ಪನ ಮುಖ ನೋಡಿದ್ರೆ ಮಗು ಕೆಡುತ್ತಾ?

ಹೊಂಗೆನೆರಳು
ಹೋಗಿ ಬಂದ್ವಿ. ಎಲ್ಲರಿಗೂ ಹೇಳಬೇಕು ಅನ್ನಿಸ್ತು.

ಬೆಳಗ್ಗೆ ಎಂಟೂವರೆಗೇ ಹೋದ್ರೂ ನಮ್ಮ ಮುಂದೆ ನಲವತ್ತು ಜನ ಇದ್ರು. ಚೀಟಿ ಬರ್ಕೊಂಡು ಹೋಗಿದ್ದು ಒಳ್ಳೇದಾಯ್ತು. ನನ್ನ ಹಿಂದಿದ್ದ ಅಜ್ಜಿಗೆ ಮೊಮ್ಮಗನ ಹೆಸರು ಬಿಟ್ರೆ ಏನೂ ಗೊತ್ತಿರಲಿಲ್ಲ, ಆಧಾರ್ ಜೆರಾಕ್ಸ್ ಕೂಡ ಇರ್ಲಿಲ್ಲ. ಜೆರಾಕ್ಸ್ ಅಂಗಡಿ ತೋರಿಸಿ ಕರ್ಕೊಂಡು ಬರೋಷ್ಟರಲ್ಲಿ ನಮ್ಮ ಜಾಗ ಹೋಯ್ತು, ಮತ್ತೆ ಕೊನೆಗೆ ನಿಂತ್ವಿ. ಮಾತ್ರೆ ಅರ್ಜಿಗೆ ಸೀಲ್ ಹಾಕಿ ಕೊಟ್ರು. ಮೊದಲು ಹಾಕಲ್ಲ ಅಂದ್ರು, ಸೀಲ್ ಹಾಕಿಸ್ಕೊಳ್ಳಿ ಅಂತ ವಾರ್ಡರ್ ಸರ್ ಹೇಳಿದ್ರಲ್ಲ, ಸುಮ್ಮನೆ ಅಲ್ಲೇ ನಿಂತಿದ್ದೆ. ಹಾಕಿದ್ರು. ವಕಾಲತ್ತಿಗೆ ಸಹಿ ಆಗಿಲ್ಲ! ನಾಳೆ ವಕೀಲರ ಆಫೀಸಿಗೆ ನಾನೇ ಹೋಗಿ ಕೂರ್ತೀನಿ.

ಕೋಡುಬಳೆ ಬಿಡಲಿಲ್ಲ. ಅಮ್ಮ ಕೇಳಲಿಲ್ಲ ತಗೊಂಡೇ ಬಂದಿದ್ಳು. ಕ್ಯೂನಲ್ಲಿ ಕೂತಿದ್ದ ಮಕ್ಕಳಿಗೆ ಹಂಚಿ ಖಾಲಿ ಡಬ್ಬ ತಂದ್ವಿ.

ಅವನು ಬಂದಾಗ ಗಡ್ಡ ಬಂದಿತ್ತು, ಅಮ್ಮನಿಗೆ ಒಂದು ಕ್ಷಣ ಗುರುತು ಸಿಗಲಿಲ್ಲ. ಮೂರೂ ಜನ ಏನೂ ಮಾತಾಡಲಿಲ್ಲ. ಆಮೇಲೆ ಅಮ್ಮ ಜಾಲರಿಗೆ ಬಾಯಿ ಹತ್ತಿರ ತಂದು "ಗೌರಿ ಕರು ಹಾಕಿದ್ಳು ಕಣೋ" ಅಂದ್ಳು. ಗದ್ದಲದಲ್ಲಿ ಕೇಳಿಸಲಿಲ್ಲ ಅವನಿಗೆ, "ಏನು?" ಅಂದ. ಅಮ್ಮ ಜೋರಾಗಿ "ಕರು! ಕರು!" ಅಂತ ಕೂಗಿದ್ಳು. ಪಕ್ಕದಲ್ಲಿದ್ದೋರೆಲ್ಲ ತಿರುಗಿ ನೋಡಿದ್ರು. ಆ ಕಡೆ ಅವನ ಪಕ್ಕ ನಿಂತಿದ್ದ ಯಾರೋ ಹುಡುಗ "ಹೆಣ್ಗರುನಾ ಅಮ್ಮಾ?" ಅಂತ ಕೇಳಿದ. ನಮ್ಮ ತಮ್ಮ ನಕ್ಕ. ಅಷ್ಟೊತ್ತಿಗೆ ಬೆಲ್ ಆಯ್ತು.

ಹದಿಮೂರು_ತಿಂಗಳು
ಹೆಣ್ಗರುನಾ?

ಹೊಂಗೆನೆರಳು
ಹೌದು. ಬಿಳಿ ಹಣೆ.

ಒಂದು ಪ್ರಶ್ನೆ ಉಳೀತು. ಬಟ್ಟೆಯಲ್ಲಿ ಪೈಜಾಮ ವಾಪಸ್ ಕೊಟ್ರು, ಮಲ್ಲಿಗೆದಂಡೆ ಅಕ್ಕ ಹೇಳಿದ್ರೂ ಗಡಿಬಿಡೀಲಿ ಲಾಡಿ ಇರೋದೇ ತಗೊಂಡು ಹೋಗಿದ್ದೆ. ಲಾಡಿ ತೆಗೆದು ಎಲಾಸ್ಟಿಕ್ ಹಾಕಿಸಿದ್ರೆ ಬಿಡ್ತಾರಾ?

ಮಲ್ಲಿಗೆದಂಡೆ
ಬಿಡ್ತಾರೆ. ಜೇಬು ಇದ್ರೆ ಅದನ್ನೂ ಹೊಲಿಸಿ ಮುಚ್ಚಿಬಿಡಿ, ತಪಾಸಣೆ ಬೇಗ ಆಗುತ್ತೆ.

ಹಳೇಬೀಡ್_ಹೈದ
ಆ ಬಾಳೆಹಣ್ಣಿನ ಟೈಲರ್ ಹತ್ರ ಕೊಡಿ.